ಹಾಯಿಯ ಮರೆಯ ಕಡೆ

ನನ್ನ ತಮ್ಮ ಸತ್ತು ಹನ್ನೊಂದು ತಿಂಗಳಾಯಿತು. ಅವನ ದನಿ ಮಾತ್ರ ಇನ್ನೂ ಕೆಲಸ ಬಿಟ್ಟಿಲ್ಲ. ಹೊಲಿಗೆಯಂತ್ರದ ಮುಂದೆ ಕೂತಾಗ ಬರುತ್ತದೆ, ಪಾತ್ರೆ ತೊಳೆಯುವಾಗ ಬೆನ್ನ ಹಿಂದೆ ಬರುತ್ತದೆ. "ಯಾರೂ ಇಲ್ಲ" ಎನ್ನುತ್ತದೆ, ಅಷ್ಟೇ. ಯಾರಿಗಾದರೂ ಹೇಳಿದರೆ ಮುದುಕಿಗೆ ತಲೆ ಕೆಟ್ಟಿದೆ ಅಂದಾರು ಎಂದು ಬಾಯಿ ಹೊಲಿದುಕೊಂಡಿದ್ದೆ.

ಆ ಮಾತು ಎಲ್ಲಿಂದ ಬಂತು ಎಂದು ಮೊದಲು ಹೇಳಿಬಿಡುತ್ತೇನೆ. ನಾನು ಹಾಯಿ ಹೊಲಿಯುವವಳು. ನನ್ನದೇ ಒಂದು ಹದಿನೆಂಟು ಅಡಿಯ ಹಾಯಿದೋಣಿ ಇದೆ. ಅದರ ಮುಂದಿನ ಹಾಯಿಯನ್ನು ಗಾಳಿ ಚೆನ್ನಾಗಿ ಹಿಡಿಯಲಿ ಎಂದು ದೊಡ್ಡದಾಗಿ, ನೀರಿಗೆ ತಾಗುವಷ್ಟು ಕೆಳಗಿನವರೆಗೆ ಕತ್ತರಿಸಿ ಹೊಲಿದಿದ್ದೇನೆ. ದೋಣಿ ಒಂದು ಬದಿಗೆ ವಾಲಿದಾಗ ಚುಕ್ಕಾಣಿ ಹಿಡಿದವರಿಗೆ ಆ ಹಾಯಿಯ ಆಚೆ ಏನೂ ಕಾಣುವುದಿಲ್ಲ. ಅದಕ್ಕೇ ಇನ್ನೊಬ್ಬರು ತಗ್ಗಿದ ಬದಿಯಲ್ಲಿ, ಹಾಯಿಯ ಅಡಿಯಲ್ಲಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು. ಆ ಕಡೆಗೆ ತಿರುಗುವ ಮೊದಲು ಚುಕ್ಕಾಣಿಯವರು "ಆ ಕಡೆ?" ಎಂದು ಕೇಳಬೇಕು. "ಯಾರೂ ಇಲ್ಲ" ಎಂಬ ಉತ್ತರ ಬಂದ ಮೇಲೆಯೇ ತಿರುಗಬೇಕು. ಇಪ್ಪತ್ತಾರು ವರ್ಷ, ಪ್ರತಿ ಭಾನುವಾರ, ನಾನು ಕೇಳುತ್ತಿದ್ದೆ, ತಮ್ಮ ಹೇಳುತ್ತಿದ್ದ.

ಅವನು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. "ಅಕ್ಕಾ, ಹಾಯಿಗೆ ಒಂದು ಪ್ಲಾಸ್ಟಿಕ್ ಕಿಟಕಿ ಹೊಲಿಯೇ, ನಿಂಗೂ ಆಚೆ ಕಾಣಲಿ" ಎಂದು ಎರಡು ಸಲ ಕೇಳಿದ್ದ. ನನಗೋ ಮೂಗಿನ ತುದಿಯಲ್ಲೇ ಕೋಪ. "ನನ್ನ ಹಾಯಿಗೆ ತೂತು ಹೊಡೆಯೋಕೆ ನೀನ್ಯಾರೋ? ನಿನ್ನ ಲೆಕ್ಕ ತಿದ್ದೋಕೆ ನಾನು ಬರ್ತೀನಾ?" ಎಂದು ರೇಗಿದ್ದೆ. "ಸರಿ ಬಿಡು, ನಾನೇ ಕಿಟಕಿ ಆಗ್ತೀನಿ" ಎಂದು ನಕ್ಕಿದ್ದ.

ನಾವು ದೋಣಿ ಬಿಡುವ ಕಾಲುವೆ ಸುಮ್ಮನೆ ಬಿದ್ದಿರುವ ನೀರಲ್ಲ. ದೊಡ್ಡ ಹಡಗುಗಳು ಬಂದರಿಗೆ ಬರುವ ದಾರಿ ಅದು. ಆ ಭಾನುವಾರ ಅದನ್ನು ದಾಟುವಾಗ ನಾನು ಕೇಳಿದೆ, ಉತ್ತರ ಕೇಳಿಸಿತು, ತಿರುಗಿಸಿದೆ. ಹಾಯಿಯ ಹಿಂದೆ ಕಲ್ಲಿದ್ದಲು ತುಂಬಿದ ದೊಡ್ಡ ದೋಣಿ ಇತ್ತು. ನಾನು ನೀರಿಗೆ ಹಾರಿಬಿದ್ದೆ. ತಮ್ಮ ಅದರ ಅಡಿಗೆ ಹೋದ.

ಬಂದರು ಕಚೇರಿಯ ವಿಚಾರಣೆಯಲ್ಲಿ ಅಧಿಕಾರಿ ಕೇಳಿದ, "ನಿಮ್ಮ ತಮ್ಮ ಏನಂದ್ರು?" "ಯಾರೂ ಇಲ್ಲ ಅಂದ" ಎಂದೆ. ಕಾವಲು ಕೂತವನು ಸರಿಯಾಗಿ ನೋಡಲಿಲ್ಲ, ತಪ್ಪು ಅವನದೇ ಎಂದು ಬರೆದರು. ನಾನು ಸಹಿ ಹಾಕಿದೆ. ನಾನು ಹೇಳಿದ್ದು ಸುಳ್ಳಲ್ಲ, ನನ್ನ ಕಿವಿಯಾರೆ ಕೇಳಿದ್ದೆ. ಆದರೆ ನನ್ನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತಲ್ಲ ಎಂಬುದೊಂದು ಮುಳ್ಳು ಅಂದಿನಿಂದಲೇ ಒಳಗೆ ಚುಚ್ಚುತ್ತಿತ್ತು. ಅದನ್ನು ಅಧಿಕಾರಿಗೂ ಹೇಳಲಿಲ್ಲ, ತಮ್ಮನ ಹೆಂಡತಿಗೂ ಹೇಳಲಿಲ್ಲ.

ಅವಳಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಅವನು ಸಾಯುವುದಕ್ಕೆ ಒಂದು ತಿಂಗಳಷ್ಟೇ ಮೊದಲು ಗಂಡನ ಕಣ್ಣನ್ನು ಅವಳೇ ಪರೀಕ್ಷೆ ಮಾಡಿ, ಹೊಸ ಕನ್ನಡಕ ಹಾಕಿಸಿ, "ಇನ್ನೆರಡು ವರ್ಷ ನಿಮ್ಮ ಕಣ್ಣಿಗೆ ಏನೂ ಆಗಲ್ಲ" ಎಂದಿದ್ದಳಂತೆ. ಅಷ್ಟು ದೊಡ್ಡ ದೋಣಿ ಅವನಿಗೆ ಕಾಣಲಿಲ್ಲ ಎಂದಮೇಲೆ ತಾನೇ ಏನೋ ತಪ್ಪು ನೋಡಿದ್ದೇನೆ ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತು. ಅಂಗಡಿಯ ಬಾಗಿಲು ಎಳೆದವಳು ಮತ್ತೆ ತೆರೆಯಲಿಲ್ಲ. ನಾನೊಮ್ಮೆ ಒಳಗೆ ಹೋದಾಗ, ಅಕ್ಷರ ಓದಿಸುವ ಹಲಗೆಯನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದಳು.

ಕಳೆದ ಶನಿವಾರ ನನ್ನ ಕೋಣೆಗೆ ಬಂದು, ಹಾಯಿಬಟ್ಟೆಯ ಸುರುಳಿಯ ಮೇಲೆ ಕೂತಳು.

"ಅಕ್ಕಾ, ಮುಂದಿನ ವಾರ ಅಂಗಡಿ ಬೇರೆಯವರಿಗೆ ಬಿಟ್ಕೊಡ್ತಿದ್ದೀನಿ. ಇನ್ನೊಬ್ಬರ ಕಣ್ಣು ಮುಟ್ಟೋಕೆ ನಂಗೆ ಧೈರ್ಯ ಇಲ್ಲ."

"ಹುಚ್ಚು ಹಿಡಿದಿದೆಯಾ ನಿಂಗೆ? ಇಪ್ಪತ್ತು ವರ್ಷದ ಕೆಲಸ!"

"ಅದಕ್ಕೇ ಒಂದ್ಸಲ ಅವರು ಕೂತಿದ್ದ ಜಾಗದಲ್ಲಿ ಕೂತು ನೋಡ್ಬೇಕು. ಅಲ್ಲಿಂದ ಏನು ಕಾಣತ್ತೆ, ಏನು ಕಾಣಲ್ಲ ಅಂತ. ಕರ್ಕೊಂಡು ಹೋಗಿ."

ರಿಪೇರಿ ಮಾಡಿಟ್ಟ ದೋಣಿಯನ್ನು ನಾನು ಅಲ್ಲಿಯವರೆಗೆ ನೀರಿಗೇ ಇಳಿಸಿರಲಿಲ್ಲ. ಆದರೂ ಬೇಡ ಎನ್ನಲು ಯಾವ ಮುಖ ನನಗೆ?

ಭಾನುವಾರ ಬೆಳಿಗ್ಗೆ ಹೊರಟೆವು. ಬಿಸಿಲು ಸ್ವಚ್ಛವಾಗಿತ್ತು, ಗಾಳಿ ಹದವಾಗಿತ್ತು. ಅವಳು ತಗ್ಗಿದ ಬದಿಯಲ್ಲಿ, ಹಾಯಿಯ ಅಡಿಯಲ್ಲಿ ಬಗ್ಗಿ ಕೂತಳು. ನನಗೆ ಅವಳ ಚಪ್ಪಲಿಯ ಹಿಮ್ಮಡಿ ಮಾತ್ರ ಕಾಣುತ್ತಿತ್ತು. ತಮ್ಮನದೂ ಹಾಗೇ ಕಾಣುತ್ತಿತ್ತು.

"ಆ ಕಡೆ?" ಎಂದೆ.

"ಯಾರೂ ಇಲ್ಲ" ಎಂದಿತು ತಮ್ಮನ ದನಿ. ಸ್ವಲ್ಪ ಮೂಗಿನಲ್ಲಿ, ಸ್ವಲ್ಪ ನಗುತ್ತಾ, ಹಾಯಿಯ ಆಚೆಯಿಂದಲೇ. ಅದರ ಹಿಂದೆಯೇ ಅವಳ ದನಿ ಬಂತು, "ಯಾರೂ ಇಲ್ಲ ಅಕ್ಕಾ."

ಮೈ ಜುಮ್ಮೆಂದಿತು. ಆದರೂ ಇರುವುದನ್ನು ಇದ್ದ ಹಾಗೇ ಹೇಳುತ್ತೇನೆ, ಹೆದರಿಕೆಗಿಂತ ಸಂತೋಷವೇ ಜಾಸ್ತಿಯಾಯಿತು. ಬಂದಿದ್ದಾನೆ, ಅವನ ಜಾಗ ಅವನು ಬಿಟ್ಟಿಲ್ಲ ಅನ್ನಿಸಿತು. ಎರಡನೇ ಸಲವೂ ಹಾಗೇ ಆಯಿತು, ಮೂರನೇ ಸಲವೂ. ಮೊದಲು ಅವನು, ಆಮೇಲೆ ಅವಳು. ನಾನು ಪ್ರತಿ ಸಲ ಅವಳ ಉತ್ತರಕ್ಕೆ ಕಾದು ತಿರುಗಿಸಿದೆ.

ಅವಳು ಹೋಗುವ ಬರುವ ಹಡಗುಗಳ ಹೆಸರನ್ನು ದೂರದಿಂದಲೇ ಗಟ್ಟಿಯಾಗಿ ಓದುತ್ತಿದ್ದಳು. "ಇಷ್ಟು ದೂರದಿಂದ ಅಕ್ಷರಾನೇ ಕಾಣತ್ತೆ. ಅವರಿಗೆ ದೋಣಿ ಕಾಣಲಿಲ್ಲ ಅಂದ್ರೆ ಹೇಗೆ ಅಕ್ಕಾ? ನಾನು ಏನನ್ನ ನೋಡದೆ ಬಿಟ್ಟೆ?" ಎಂದಳು. ನಾನು ಹಗ್ಗ ಬಿಗಿಯುವವಳಂತೆ ನಟಿಸಿದೆ.

ನಡು ಕಾಲುವೆಯಲ್ಲಿ ಪ್ರಯಾಣಿಕರ ದೋಣಿಯೊಂದು ನಮ್ಮ ದೋಣಿಯ ಹಿಂಬದಿಗೆ ತಾಗುವಷ್ಟು ಹತ್ತಿರ ನುಗ್ಗಿ, ಕಿವಿ ಹರಿಯುವಂತೆ ಹಾರನ್ ಹೊಡೆಯಿತು. ಅದರ ಅಲೆ ನಮ್ಮನ್ನು ಮೇಲಕ್ಕೆತ್ತಿ ಕುಕ್ಕಿತು. "ಏಯ್, ಕಣ್ಣು ಮನೇಲಿ ಬಿಟ್ಟು ಬಂದಿದ್ದೀಯೇನೋ, ದರಿದ್ರದವನೇ!" ಎಂದು ಎದ್ದು ನಿಂತು ಬೈದೆ. ಬೈಯುತ್ತಲೇ, ಮುಂದಿನ ಹಡಗು ಬರುವುದರೊಳಗೆ ಆಚೆ ದಡ ಹಿಡಿಯಬೇಕೆಂದು ಚುಕ್ಕಾಣಿಗೆ ಕೈ ಹಾಕಿದೆ.

"ಆ ಕಡೆ?"

"ಯಾರೂ ಇಲ್ಲ."

ತಿರುಗಿಸಿದೆ.

ಯಾರೋ ನನ್ನ ಮೇಲೆ ಬಿದ್ದರು. ಅವಳು ಹಾಯಿಯ ಅಡಿಯಿಂದ ಅಂಬೆಗಾಲಲ್ಲಿ ನುಗ್ಗಿ ಬಂದು, ನನ್ನ ಕೈಯನ್ನೂ ಸೇರಿಸಿ ಚುಕ್ಕಾಣಿಯನ್ನು ಹಿಂದಕ್ಕೆ ತಳ್ಳಿದಳು. ಹಾಯಿ ಪಟಪಟ ಬಡಿಯಿತು. ದೋಣಿಯ ಮೂತಿ ಪಕ್ಕಕ್ಕೆ ಹೊರಳಿತು. ಮರಳು ತುಂಬಿದ ದೋಣಿಯೊಂದರ ತುಕ್ಕು ಹಿಡಿದ ಗೋಡೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ, ಮುಗಿಯುವುದೇ ಇಲ್ಲವೇನೋ ಎಂಬಂತೆ ಹಾದುಹೋಯಿತು. ಮೇಲಿನಿಂದ ಯಾರೋ ನಮ್ಮಿಬ್ಬರ ಜನ್ಮ ಜಾಲಾಡಿದರು.

ಅದು ದೂರ ಹೋದ ಮೇಲೆ ಅವಳು ನನ್ನ ಭುಜ ಹಿಡಿದು ಅಲುಗಾಡಿಸಿದಳು. ಅವಳ ತುಟಿ ಬಿಳಿಚಿಕೊಂಡಿತ್ತು.

"ಕಿವಿ ಕೇಳ್ಸಲ್ವಾ ನಿಮಗೆ? ಬೇಡ ಬೇಡ ಅಂತ ಮೂರು ಸಲ ಕೂಗಿದ್ನಲ್ಲ!"

"ಯಾರೂ ಇಲ್ಲ ಅಂದ್ಯಲ್ಲೇ!"

"ನಾನಾ? ನಾನೆಲ್ಲಿ ಅಂದೆ? ಗಂಟಲು ಹರಿಯೋ ಹಾಗೆ ಕೂಗ್ತಿದ್ದೆ ನಾನು!"

ಎರಡು ಮಾರು ದೂರದಲ್ಲಿ ಒಬ್ಬಳು ಮೂರು ಸಲ ಕೂಗಿದ್ದಾಳೆ. ಒಂದು ಸಲವೂ ನನಗೆ ಕೇಳಿಸಿಲ್ಲ. ಇಪ್ಪತ್ತಾರು ವರ್ಷ ಒಂದೇ ಉತ್ತರ ಕೇಳಿ ಕೇಳಿ, ಈ ಹಾಳು ಕಿವಿ ಅದನ್ನು ತಾನೇ ಹೇಳಿಕೊಳ್ಳುವುದನ್ನು ಕಲಿತುಬಿಟ್ಟಿದೆ. ಈಗ ಕಲಿತದ್ದಲ್ಲ. ಅವನು ಬದುಕಿದ್ದಾಗಲೇ ಕಲಿತಿತ್ತು.

"ನೀನಲ್ಲ" ಎಂದೆ. "ಅವನು ಅಂದ. ನನಗೆ ಅವನು ಅಂದ ಹಾಗೆ ಕೇಳಿಸ್ತು."

ಅವಳು ನನ್ನ ಮುಖವನ್ನೇ ನೋಡಿದಳು. ಇನ್ನು ಮುಚ್ಚಿಟ್ಟು ಯಾವ ಸೌಭಾಗ್ಯಕ್ಕೆ? ಎಲ್ಲವನ್ನೂ ಹೇಳಿದೆ. ಪ್ರಶ್ನೆ ಮುಗಿಯುವ ಮೊದಲೇ ಬಂದ ಉತ್ತರದ ಬಗ್ಗೆ, ಪಾತ್ರೆ ತೊಳೆಯುವಾಗ ಬರುವ ದನಿಯ ಬಗ್ಗೆ, ಎದೆಯಲ್ಲಿ ಅನುಮಾನ ಇಟ್ಟುಕೊಂಡೇ ಬಂದರು ಕಚೇರಿಯಲ್ಲಿ ಹಾಕಿದ ಸಹಿಯ ಬಗ್ಗೆ.

"ಹಾಗಾದ್ರೆ ಅವರ ಕಣ್ಣು?"

"ಅವನ ಕಣ್ಣಿಗೆ ಏನೂ ಆಗಿರಲಿಲ್ಲ ಕಣೆ. ನೀನು ನೋಡಿದ್ದು ಸರಿಯಾಗೇ ಇತ್ತು."

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹನ್ನೊಂದು ತಿಂಗಳಿಂದ ಬಿಗಿಹಿಡಿದಿದ್ದ ಉಸಿರು ಒಂದೇ ಸಲಕ್ಕೆ ಹೊರಬಂತು. ಸದ್ಯ, ಇಷ್ಟಾದರೂ ಅವಳಿಗೆ ಕೊಟ್ಟೆನಲ್ಲ ಎಂದು ನನಗೂ ಕ್ಷಣಹೊತ್ತು ಹಗುರವಾಯಿತು. ಅಷ್ಟರಲ್ಲಿ ಅವಳು ತಲೆ ಎತ್ತಿದಳು.

"ಅಂದ್ರೆ ಅವರಿಗೆ ಆ ದೋಣಿ ಕಂಡಿತ್ತು."

"ಕಂಡಿರತ್ತೆ."

"ನನ್ನ ಹಾಗೇ ಕೂಗಿರ್ತಾರೆ."

ನಾನು ತಲೆ ಆಡಿಸಿದೆ.

"ಎಷ್ಟು ಸಲ?"

"ಗೊತ್ತಿಲ್ಲ" ಎಂದೆ.

ಅವಳು ನನ್ನ ಕೈಯನ್ನು ಚುಕ್ಕಾಣಿಯಿಂದ ಬಿಡಿಸಿದಳು. ಅವಳಿಗೂ ದೋಣಿ ನಡೆಸಲು ಬರುತ್ತದೆ, ಮದುವೆಯಾದ ಹೊಸತರಲ್ಲಿ ತಮ್ಮನೇ ಕಲಿಸಿದ್ದ. ದೋಣಿಯ ಮೂತಿಯನ್ನು ದಡದ ಕಡೆಗೆ ತಿರುಗಿಸಿ, ನನ್ನತ್ತ ನೋಡದೆ ಹೇಳಿದಳು, "ನಾನು ಅಂಗಡಿ ಬಿಟ್ಕೊಡಲ್ಲ. ನಾಳೆ ನೀವು ಬಂದರು ಕಚೇರಿಗೆ ಬಂದು ನಂಗೆ ಹೇಳಿದ್ದನ್ನೇ ಹೇಳ್ಬೇಕು. ತಪ್ಪು ಅವರದು ಅಂತ ಬರೆದಿರೋದನ್ನ ಅಳಿಸ್ಬೇಕು."

"ಹೇಳ್ತೀನಿ."

"ಹೇಳಿ ಆದ್ಮೇಲೆ ನಮ್ಮ ಮನೆಗೆ ಬರ್ಬೇಡಿ."

ಈ ಸಲ ಅವಳ ಮಾತಿನಲ್ಲಿ 'ಅಕ್ಕ' ಇರಲಿಲ್ಲ. ನಾನು ತಗ್ಗಿದ ಬದಿಗೆ ಸರಿದು, ಹಾಯಿಯ ಅಡಿಯಲ್ಲಿ, ಅವನ ಜಾಗದಲ್ಲಿ ಕೂತೆ. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ಅವನು ಆ ದಿನ ನಿಜವಾಗಿ ಕೂಗಿದ್ದು ಒಂದೇ ಒಂದು ಸಲ ಕೇಳಿಸಲಿ ಎಂದು ದಡ ಮುಟ್ಟುವವರೆಗೂ ಕಿವಿ ಕೊಟ್ಟು ಕೂತಿದ್ದೆ. ಬೆನ್ನ ಹಿಂದೆ ಅವಳ ಅಳು ಬಿಟ್ಟರೆ ನನಗೆ ಇನ್ನೇನೂ ಕೇಳಿಸಲಿಲ್ಲ.