ಕಾಲು ತೆಗೆದರೆ ಹೊರಡುವ ಗಾಡಿ

ಕಾರಿನ ಕೀ ಜಲಜಾಳ ಕೈಯಲ್ಲಿತ್ತು. ಅವಳ ಅತ್ತೆ ವಿಮಲಮ್ಮ ಅದನ್ನು ದೇವಸ್ಥಾನದ ಬಾಗಿಲಲ್ಲೇ ಇಸಿದುಕೊಂಡು ಮಗ ಜಗನ್ನಾಥನಿಗೆ ಕೊಟ್ಟರು.

"ಪೂಜೆ ದಿನ ನಿಂಬೆಹಣ್ಣಿನ ಮೇಲೆ ಹತ್ತಿಸೋದು ಮನೆ ಯಜಮಾನ ಕಣಮ್ಮ. ಆಮೇಲೆ ನೀನು ದಿನಾ ಓಡಿಸ್ಕೋ, ಯಾರು ಬೇಡ ಅಂದ್ರು?"

"ಅತ್ತೆ, ಇದು ಆಟೊಮ್ಯಾಟಿಕ್. ಅವರು ಒಂದು ಸಲಾನೂ ಓಡಿಸಿಲ್ಲ."

ಜಗನ್ನಾಥ ನಕ್ಕ. "ಮದುವೆಗೆ ಮುಂಚಿಂದ ಗೇರ್ ಗಾಡಿ ಓಡಿಸ್ತಿದೀನಿ ಕಣೇ. ಕ್ಲಚ್ಚೇ ಇಲ್ಲ ಅಂದ್ಮೇಲೆ ಇನ್ನೇನು ಕಷ್ಟ? ಇದು ಆಟದ ಸಾಮಾನು."

ಕಾರು ಜಲಜಾಳ ಹೆಸರಲ್ಲಿತ್ತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಅವಳು ಬಸವೇಶ್ವರನಗರದ ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತಿ ಒತ್ತಿ ಮಂಡಿ ಹಾಳುಮಾಡಿಕೊಂಡ ಮೇಲೆ ಇದನ್ನು ಬುಕ್ ಮಾಡಿದ್ದಳು. ವಿಜಯನಗರದ ಡ್ರೈವಿಂಗ್ ಸ್ಕೂಲಿಗೆ ಹೋಗಿ ಆಟೊಮ್ಯಾಟಿಕ್ ಬೇರೆ ಕಲಿತಿದ್ದಳು. ಗಂಡನನ್ನೂ ಕರೆದಿದ್ದಳು. ಅವನು ಬಂದಿರಲಿಲ್ಲ.

ಮಹಾಲಕ್ಷ್ಮಿ ಲೇಔಟಿನ ಆ ರಸ್ತೆ ಇಳಿಜಾರು. ಕಾರಿನ ಮೂತಿ ಇಳಿಜಾರಿನ ಕಡೆಗೇ ಇತ್ತು. ಅರ್ಚಕರು ಬಾನೆಟ್ಟಿಗೆ ಹಾರ ಹಾಕಿದರು, ಬಂಪರಿಗೆ ಅರಿಶಿನ ಕುಂಕುಮ ಕಲಸಿ ಹಚ್ಚಿದರು, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟರು. ಹಿಂದೆ ಇನ್ನೆರಡು ಗಾಡಿಗಳು ಪೂಜೆಗೆ ಕಾಯುತ್ತಿದ್ದವು. ಒಬ್ಬ ಆಗಲೇ ಹಾರ್ನ್ ಹೊಡೆಯುತ್ತಿದ್ದ.

"ಯಜಮಾನ್ರೇ, ಚಪ್ಪಲಿ ಬಿಟ್ಟು ಕೂತ್ಕೊಳಿ. ಸ್ಟಾರ್ಟ್ ಮಾಡಿ. ಮಂಗಳಾರತಿ ಆದ್ಮೇಲೆ ನಾನು ಹೇಳ್ತೀನಿ, ಆಗ ಮುಂದಕ್ಕೆ ಬಿಡಿ."

ಜಗನ್ನಾಥ ಬರಿಗಾಲಲ್ಲಿ ಒಳಗೆ ಕೂತ. ಜಲಜಾ ಪಕ್ಕದ ಸೀಟಿಗೆ ಹೋದಳು. ಇಬ್ಬರ ನಡುವೆ ಗೇರ್ ಲಿವರ್, ಅದರ ಹಿಂದೆ ಹ್ಯಾಂಡ್‌ಬ್ರೇಕ್. ಲಿವರಿನ ಪಕ್ಕ ಮೇಲಿಂದ ಕೆಳಕ್ಕೆ P, R, N, D ಎಂಬ ಅಕ್ಷರಗಳು: ನಿಲುಗಡೆ, ಹಿಂದಕ್ಕೆ, ನ್ಯೂಟ್ರಲ್, ಮುಂದಕ್ಕೆ. ಅವನು ಎಂಜಿನ್ ಚಾಲು ಮಾಡಿ, ಬ್ರೇಕ್ ತುಳಿದು, ಲಿವರಿನ ಗುಂಡಿ ಒತ್ತಿ, ಅದನ್ನು P ಯಿಂದ ಎಳೆದು D ಗೆ ತಂದು ಬಿಟ್ಟ. ಹ್ಯಾಂಡ್‌ಬ್ರೇಕನ್ನೂ ಇಳಿಸಿದ.

"ಈಗಲೇ ಯಾಕ್ರೀ? P ಲಿ ಇರ್ಲಿ. ಅವರು ಹೇಳಿದ್ಮೇಲೆ ಹಾಕಿ."

"ರೆಡಿ ಇರ್ಲಿ ಬಿಡು. ಹಿಂದೆ ಅವನು ಬಡ್ಕೋತಾ ಇದಾನೆ."

ಇದು ಅವನ ಹಳೆಯ ಅಭ್ಯಾಸ. ಸಿಗ್ನಲ್ಲಿನಲ್ಲೂ ಫಸ್ಟ್ ಗೇರ್ ಹಾಕಿ, ಕ್ಲಚ್ ಒತ್ತಿಕೊಂಡೇ ಕಾಯುವವನು. ಗೇರ್ ಗಾಡಿಯಲ್ಲಿ ಕಾಲು ತಪ್ಪಿದರೆ ಎಂಜಿನ್ ಒಮ್ಮೆ ಜಗ್ಗಿ ಆಫ್ ಆಗುತ್ತದೆ, ಅಷ್ಟೇ. ಈ ಗಾಡಿ ಆಫ್ ಆಗುವುದಿಲ್ಲ. ಡ್ರೈವಿಂಗ್ ಸ್ಕೂಲಿನ ಭೈರೇಶ್ ಮೊದಲ ಕ್ಲಾಸಿನಲ್ಲೇ ಹೇಳಿದ್ದ: "ಮೇಡಂ, D ಅಂದ್ರೆ ಗಾಡಿ ಆಗ್ಲೇ ಹೊರಟಿದೆ ಅಂತ ಲೆಕ್ಕ. ಆಕ್ಸಿಲರೇಟರ್ ಮುಟ್ಟೋದೇ ಬೇಡ. ಬ್ರೇಕಿಂದ ಕಾಲು ತೆಗೆದ್ರೆ ಸಾಕು, ತಾನೇ ಹೋಗುತ್ತೆ."

"ಬ್ರೇಕಿಂದ ಕಾಲು ತೆಗೀಬೇಡಿ, ರೀ."

"ಟೀಚರಮ್ಮ, ಪಾಠ ಸ್ಕೂಲಲ್ಲಿ ಇಟ್ಕೋ."

ಅಷ್ಟರಲ್ಲಿ ಮಗಳು ಗಗನಾ ಕಾರಿನ ಮುಂದೆ ಬಂದಳು. ಎಡಗಡೆ ಚಕ್ರದ ಎದುರಿಗೆ ರಸ್ತೆಯಲ್ಲೇ ಕುಕ್ಕುರುಗಾಲಲ್ಲಿ ಕೂತು, ಮೊಬೈಲನ್ನು ನೆಲದ ಹತ್ತಿರ ಹಿಡಿದಳು. ನಿಂಬೆಹಣ್ಣು ಒಡೆಯುವುದನ್ನು ಹತ್ತಿರದಿಂದ ವಿಡಿಯೋ ಮಾಡಬೇಕಿತ್ತು ಅವಳಿಗೆ.

"ಗಗನಾ, ಏಳೇ! ಪಕ್ಕಕ್ಕೆ ಹೋಗು!"

"ಒಂದ್ನಿಮಿಷ ಅಮ್ಮ, ಫ್ರೇಮ್ ಸಿಕ್ಕಿದೆ. ಅಪ್ಪ ಸ್ಟಾರ್ಟ್ ಅಂದಾಗ ಎದ್ದೋಗ್ತೀನಿ."

ಜಲಜಾ ಬಾಗಿಲು ತೆರೆಯಲು ಹೋದಳು. ಆ ಕಡೆ ಮಾಲೆ ಮಾರುವವಳ ಬುಟ್ಟಿ ಅಡ್ಡ ಇತ್ತು, ಬಾಗಿಲು ಅರ್ಧಕ್ಕೇ ನಿಂತಿತು. ಅವಳು ತಿರುಗಿ ಕೂತು ಗಂಡನ ಕಾಲನ್ನೇ ನೋಡಿದಳು. ಬಲಗಾಲು ಬ್ರೇಕಿನ ಮೇಲಿತ್ತು. ಎಡಗಾಲಿಗೆ ಮಾಡಲು ಕೆಲಸವಿಲ್ಲದೆ ಹೆಬ್ಬೆರಳು ಮ್ಯಾಟನ್ನು ಕೆರೆಯುತ್ತಿತ್ತು.

"ರೀ, ಅವಳು ಎದುರಿಗೇ ಕೂತಿದಾಳೆ. P ಗೆ ಹಾಕಿ ಮೊದ್ಲು."

"ಸುಮ್ನಿರೇ, ಆರತಿ ಬಂತು."

ಅರ್ಚಕರು ಆರತಿ ತಟ್ಟೆಯನ್ನು ಬಲಗಡೆ ಕಿಟಕಿಗೆ ತಂದರು. ಒಂದು ಕೈಯಲ್ಲಿ ಆರತಿ ತೆಗೆದುಕೊಳ್ಳುವುದು ಜಗನ್ನಾಥನಿಗೆ ಗೊತ್ತಿರಲಿಲ್ಲ. ಅವನು ಸ್ಟೀರಿಂಗ್ ಬಿಟ್ಟು, ಸೊಂಟ ತಿರುಗಿಸಿ, ಎರಡೂ ಕೈಯನ್ನು ಕಿಟಕಿಯ ಹೊರಗೆ ಚಾಚಿದ. ಸೊಂಟದ ಜೊತೆ ಕಾಲೂ ಬಲಕ್ಕೆ ಸರಿಯಿತು.

ಕಾರು ಹೊರಟಿತು.

ಪಟ್ ಎಂದು ನಿಂಬೆಹಣ್ಣು ಒಡೆಯಿತು. ಅರ್ಚಕರು "ಇನ್ನೂ ಇಲ್ಲ, ಇನ್ನೂ ಇಲ್ಲ" ಎಂದರು. ಜಗನ್ನಾಥ ಬೆಚ್ಚಿ ಎರಡೂ ಕಾಲುಗಳಿಂದ ಒಟ್ಟಿಗೆ ತುಳಿದ. ಇಷ್ಟು ವರ್ಷ ಗಾಡಿ ನಿಲ್ಲಿಸಿದ್ದು ಹಾಗೆಯೇ, ಎಡಗಾಲಲ್ಲಿ ಕ್ಲಚ್, ಬಲಗಾಲಲ್ಲಿ ಬ್ರೇಕ್. ಎಡಗಾಲು ಕ್ಲಚ್ ಇರಬೇಕಾದ ಜಾಗದಲ್ಲಿ ಬರೀ ನೆಲ ತುಳಿಯಿತು. ಬಲಗಾಲು ತುಳಿದದ್ದು ಆಕ್ಸಿಲರೇಟರನ್ನು.

ಎಂಜಿನ್ ಕೂಗಿತು. ಬಾನೆಟ್ಟಿನ ಅಂಚಿನಾಚೆ ಮಗಳ ತಲೆ ಕಾಣುತ್ತಿತ್ತು. ಮರುಕ್ಷಣ ಕಾಣಲಿಲ್ಲ.

P ಗೆ ಹಾಕಿ ಪ್ರಯೋಜನವಿಲ್ಲ ಎಂದು ಜಲಜಾಳಿಗೆ ಗೊತ್ತಿತ್ತು. P ಎಂದರೆ ಗೇರ್‌ಬಾಕ್ಸಿನೊಳಗೆ ಹಲ್ಲಿನ ಚಕ್ರಕ್ಕೆ ಬೀಳುವ ಒಂದು ಕೊಕ್ಕೆ. ಓಡುವ ಗಾಡಿಯಲ್ಲಿ ಅದು ಹಲ್ಲಿಗೆ ಕೂರದೆ ಕಟಕಟ ಎಂದು ಜಾರುತ್ತದೆ. ಆದರೆ D ಯಿಂದ N ಗೆ ಗುಂಡಿ ಬೇಡ, ಬ್ರೇಕೂ ಬೇಡ, ದೂಡಿದರೆ ಸಾಕು. ಅದಕ್ಕಿಂತ ಮುಂದೆ R ಗೆ ಹೋಗಬೇಕಾದರೆ ಮಾತ್ರ ಗುಂಡಿ ಒತ್ತಬೇಕು. ಹೆದರಿ ಹೊಡೆದರೂ ಲಿವರ್ N ನಲ್ಲೇ ನಿಲ್ಲಲಿ ಎಂದೇ ಹಾಗೆ ಮಾಡಿದ್ದು.

ಅವಳು ಅಂಗೈಯಿಂದ ಲಿವರನ್ನು ಮುಂದಕ್ಕೆ ಬಡಿದಳು.

ಎಂಜಿನ್ ಇನ್ನೂ ಜೋರಾಗಿ ಕಿರುಚಿತು, ಆದರೆ ಆ ಶಕ್ತಿ ಚಕ್ರಕ್ಕೆ ಹೋಗಲಿಲ್ಲ. ಆದರೂ ಕಾರು ನಿಲ್ಲಲಿಲ್ಲ. ಇಳಿಜಾರು. N ಎಂಜಿನ್ನನ್ನು ಬಿಡಿಸುತ್ತದೆ, ಗಾಡಿಯನ್ನು ಹಿಡಿಯುವುದಿಲ್ಲ. ಅವಳು ಎರಡೂ ಕೈ ಹಾಕಿ ಹ್ಯಾಂಡ್‌ಬ್ರೇಕನ್ನು ಮೇಲಕ್ಕೆ ಎಳೆದಳು. ಹಿಂದಿನ ಚಕ್ರಗಳು ಕೀರೆಂದವು. ಕಾರು ಮುಗ್ಗರಿಸಿ ನಿಂತಿತು.

"ಕಾಲು ತೆಗೀರಿ!" ಅಂದಳು. ಅವನು ತೆಗೆಯಲಿಲ್ಲ. ತಾನು ಬ್ರೇಕನ್ನೇ ತುಳಿದಿದ್ದೇನೆ ಎಂದೇ ಅವನ ಕಾಲು ನಂಬಿಕೊಂಡಿತ್ತು. ಅವಳು ಅವನ ಪ್ಯಾಂಟು ಹಿಡಿದು ಮೊಣಕಾಲನ್ನು ಮೇಲಕ್ಕೆ ಎಳೆದಳು. ಎಂಜಿನ್ನಿನ ಕಿರುಚಾಟ ನಿಂತಿತು. ಲಿವರನ್ನು P ಗೆ ಹಾಕಿ, ಎಂಜಿನ್ ಆಫ್ ಮಾಡಿ, ಮಾಲೆಯ ಬುಟ್ಟಿಯನ್ನು ಬಾಗಿಲಿನಿಂದ ದೂಡಿಕೊಂಡೇ ಹೊರಗೆ ಬಂದಳು.

ಗಗನಾ ಅಂಗೈ ಊರಿಕೊಂಡು ಹಿಂದಕ್ಕೆ ಬಿದ್ದಿದ್ದಳು. ಕಾಲುಗಳು ಬಂಪರಿನ ಕೆಳಗಿದ್ದವು. ಜೀನ್ಸಿನ ಮಂಡಿಯ ಮೇಲೆ ಬಂಪರಿನ ಕುಂಕುಮ ಹತ್ತಿತ್ತು. ಜಲಜಾ ಅದನ್ನು ರಕ್ತವೆಂದುಕೊಂಡು ಬೆರಳಲ್ಲಿ ಒರೆಸಿ ನೋಡಿದಳು. ಕುಂಕುಮವೇ.

"ಕಾಲು ಆಡಿಸು."

ಗಗನಾ ಆಡಿಸಿದಳು. ಆಮೇಲೆ ಅತ್ತಳು.

"ದೃಷ್ಟಿ ಆಗಿತ್ತು ಕಣ್ರೇ, ಇಲ್ಲೇ ಕಳೀತು," ಎಂದರು ವಿಮಲಮ್ಮ.

"ದೃಷ್ಟಿ ಅಲ್ಲ ಅತ್ತೆ. ನಿಮ್ಮ ಮಗನಿಗೆ ಗಾಡಿ ಗೊತ್ತಿರ್ಲಿಲ್ಲ."

ಸುತ್ತ ಜನ ಸೇರಿದ್ದರು. ಜಗನ್ನಾಥ ಇನ್ನೂ ಸೀಟಿನಲ್ಲೇ ಇದ್ದ. ಜಲಜಾ ಅವನ ಕಡೆಯ ಬಾಗಿಲು ತೆರೆದಳು.

"ಇಳೀರಿ."

"ಬ್ರೇಕೇ ಹಿಡೀಲಿಲ್ಲ ಕಣೇ. ಶೋರೂಮಿನವರ್ನ ಕೇಳ್ಬೇಕು."

"ನೀವು ಬ್ರೇಕ್ ತುಳೀಲೇ ಇಲ್ಲ."

"ಮೆಲ್ಲಗೆ ಮಾತಾಡು, ಜನ ನೋಡ್ತಾ ಇದಾರೆ."

"ನೋಡ್ಲಿ. ಇಳೀರಿ."

ಅವನು ಕೆಳಗೆ, ಪೆಡಲುಗಳ ಕಡೆ ನೋಡಿದ. ಎರಡೇ ಇದ್ದವು. ಬಹಳ ಹೊತ್ತು ನೋಡಿದ. ಆಮೇಲೆ ಮಗಳ ಕಡೆ ನೋಡಲು ತಲೆ ಎತ್ತಿದ, ಪೂರ್ತಿ ಎತ್ತಲಾಗಲಿಲ್ಲ. ಬಾಗಿಲ ಅಂಚು ಹಿಡಿದುಕೊಂಡು ಬರಿಗಾಲನ್ನು ರಸ್ತೆಗೆ ಇಟ್ಟ.