ಮಿಲ್ಲು ಓಡುವಾಗ

ಆಪರೇಷನ್ ಆದ ಮೇಲೆ ನನ್ನ ಹೊಕ್ಕುಳ ಕೆಳಗೆ ಅಂಗೈಯಗಲ ಜಾಗದಲ್ಲಿ ಸ್ಪರ್ಶ ತಿಳಿಯುತ್ತಿರಲಿಲ್ಲ. ನಿರಿಗೆ ಸಿಕ್ಕಿಸುವಾಗ ಬೆರಳು ತಾಗಿದ್ದು ಬೆರಳಿಗೆ ಗೊತ್ತಾಗುತ್ತಿತ್ತು, ಹೊಟ್ಟೆಗೆ ಗೊತ್ತಾಗುತ್ತಿರಲಿಲ್ಲ. ಗರ್ಭಕೋಶ ತೆಗೆದ ಡಾಕ್ಟರು ವರ್ಷದೊಳಗೆ ಸರಿಹೋಗುತ್ತದೆ ಎಂದಿದ್ದರು. ಸರಿಹೋಗಲಿಲ್ಲ. ನಾನೂ ಮತ್ತೆ ಹೋಗಿ ಕೇಳಲಿಲ್ಲ.

ಆಗ ನನಗೆ ಮೂವತ್ತೇಳು. ಮಗಳು ಶಿಲ್ಪಾ ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದಳು. ಚಳ್ಳಕೆರೆಯ ಮನೆಯಲ್ಲಿ ನಾನು, ನಮ್ಮನೆಯವರು ಮಹಾಂತೇಶ್, ಅತ್ತೆ ಶಿವಬಸಮ್ಮ. ಮನೆಗೆ ಅಂಟಿಕೊಂಡೇ ಮಿಲ್ಲಿನ ಆಫೀಸು ಕೋಣೆ, ಹಿಂದೆ ಶೇಂಗಾ ಎಣ್ಣೆಯ ಮಿಲ್ಲು, ಅದರ ಮಗ್ಗುಲಿಗೆ ಗೋಡೌನು. ಹೊರದೇಶದ ತಾಳೆ ಎಣ್ಣೆ ಬಂದು ಊರಿನ ಮಿಲ್ಲುಗಳು ಒಂದೊಂದಾಗಿ ನಿಲ್ಲುತ್ತಿದ್ದ ಕಾಲ ಅದು. ನಮ್ಮದು ಇನ್ನೂ ಓಡುತ್ತಿತ್ತು.

ಸುಧಾರಿಸಿಕೊಳ್ಳಲೆಂದು ತವರಾದ ಮೊಳಕಾಲ್ಮೂರಿಗೆ ಹೋಗಿದ್ದಾಗ ಜ್ಯೋತಿಲಕ್ಷ್ಮಿ ಟೀಚರ್ ನೋಡಲು ಬಂದರು. ಮದುವೆಯಾಗುವವರೆಗೂ ಅವರ ಹತ್ತಿರ ಭರತನಾಟ್ಯ ಕಲಿತಿದ್ದೆ. ಈಗ ಅವರ ಕಿವಿ ಪೂರ್ತಿ ಮಂದವಾಗಿತ್ತು. ಎದುರಿಗಿದ್ದವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಚಿತ್ರದುರ್ಗದಲ್ಲೊಂದು ತಂಡವಿದೆ, ಊರೂರಿಗೆ ಹೋಗಿ ನೃತ್ಯರೂಪಕ ಆಡುತ್ತದೆ, ಕಲಾವಿದರಿಗೆ ತಿಂಗಳ ಸಂಬಳ ಕೊಡುತ್ತದೆ ಎಂದರು. ಎಳೆಯ ಹುಡುಗಿಯರು ಬೇಕಾದಷ್ಟು ಸಿಕ್ಕಿದ್ದಾರಂತೆ. ತಾಯಿ, ರಾಣಿ ಪಾತ್ರಗಳಿಗೆ ವಯಸ್ಸಾದ ಹೆಂಗಸು ಸಿಕ್ಕಿಲ್ಲವಂತೆ. ಶಿವರಾತ್ರಿ ಕಳೆದ ಮೇಲೆ ಆಯ್ಕೆ.

"ಕಣ್ಣು ಇನ್ನೂ ಹಂಗೇ ಐತಮ್ಮಾ ನಿನಗೆ," ಎಂದು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹೇಳಿ ನನ್ನ ಗಲ್ಲ ಹಿಡಿದು ತಿರುಗಿಸಿದರು. "ಕಾಲು ನಾನು ತಂದುಕೊಡ್ತೀನಿ. ನುವ್ವು ಬಾ, ಅಷ್ಟೆ."

ಬೇಕು ಅನ್ನಿಸಿತು. ಬಹಳ ದಿನಗಳ ಮೇಲೆ ನನಗೆ ಬೇಕು ಅನ್ನಿಸಿದ್ದು ಅದೊಂದೇ. ಹಸಿವೆ ಕೂಡ ಅತ್ತೆ ತಟ್ಟೆ ಇಟ್ಟ ಮೇಲೆ ನೆನಪಾಗುತ್ತಿದ್ದ ದಿನಗಳವು.

ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ನಮ್ಮನೆಯವರು ಪೇಪರ್ ನೋಡುತ್ತಲೇ, ಡಾಕ್ಟರು ಹೇಗೂ ನಡೆದಾಡಲು ಹೇಳಿದ್ದಾರಲ್ಲ ಎಂದರು. ಗುರುವಾರಗಳಂದು ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಹೋಗಿ ಬರುತ್ತಿದ್ದೆ. ಉಳಿದ ದಿನ ಗೋಡೌನಿನ ಖಾಲಿ ಮೂಲೆಯಲ್ಲಿ ಅಭ್ಯಾಸ.

ಮೊದಲ ವಾರವೇ ಒಂದು ಮಧ್ಯಾಹ್ನ ಕರೆಂಟು ಹೋಗಿ ಮಿಲ್ಲು ನಿಂತುಬಿಟ್ಟಿತು. ನನಗೆ ಗಮನವಿಲ್ಲ, ಕುಣಿಯುತ್ತಲೇ ಇದ್ದೆ. ಆಫೀಸಿನಲ್ಲಿ ದಲಾಲಿ ಕೊಟ್ಟೂರಪ್ಪ ಕೂತಿದ್ದರು. ಅವರ ಧ್ವನಿ ಗೋಡೌನಿನವರೆಗೂ ಬಂತು.

"ಏನ್ ಸಾಹುಕಾರ್ರೆ, ನಿಮ್ಮ ಮಿಲ್ಲು ಗೆಜ್ಜೆ ಕಟ್ಕಂಡೈತಾ?"

ಎಲ್ಲರೂ ನಕ್ಕರು. ನಮ್ಮನೆಯವರೂ ನಕ್ಕದ್ದು ಕೇಳಿಸಿತು. ರಾತ್ರಿ ಊಟಕ್ಕೆ ಕೂತಾಗ ಅವರು ರೊಟ್ಟಿ ಮುರಿಯುತ್ತ, ನನ್ನ ಮುಖ ನೋಡದೆ ಹೇಳಿದರು.

"ನೀನು ಮಾಡು, ನಂದೇನಿಲ್ಲ. ಮಿಲ್ಲು ಓಡುವಾಗ ಮಾಡು. ನಿಂತಾಗ ನಿಲ್ಲಿಸು. ವ್ಯಾಪಾರಕ್ಕೆ ಬಂದೋರ ಕಿವಿಗೆ ಬೀಳಬಾರ್ದು, ಅಷ್ಟೆ."

ಅತ್ತೆ ನನ್ನ ತಟ್ಟೆಗೆ ತುಪ್ಪ ಬಡಿಸಿದರು. ಅಷ್ಟು ಬಿಟ್ಟುಕೊಟ್ಟಿದ್ದೇ ದೊಡ್ಡದೆಂದು ಅಕ್ಕಪಕ್ಕದವರು ಹೇಳಿದರು. ನನಗೂ ಹಾಗೇ ಅನ್ನಿಸಿತು.

ಸುಗ್ಗಿ ಮುಗಿದು ಶೇಂಗಾ ಬರುವ ಕಾಲ. ಮಿಲ್ಲು ಬೆಳಿಗ್ಗೆಯಿಂದ ಸಂಜೆಯವರೆಗೆ ಓಡಿತು, ನಾನೂ ಕುಣಿದೆ. ಗೋಡೌನಿನ ಕಡಪ ಕಲ್ಲು ಮಾವನವರ ಕಾಲದಿಂದ ಎಣ್ಣೆ ಕುಡಿದು ಕಪ್ಪಾಗಿ ಹೊಳೆಯುತ್ತಿತ್ತು. ಹೊಟ್ಟು ಹಾಕಿ ಉಜ್ಜಿದರೂ ಮಾರನೆಯ ದಿನ ಮತ್ತೆ ಜಿಡ್ಡು. ಎರಡು ಸಲ ಬಿದ್ದೆ. ಆಮೇಲೆ ಬೀಳದ ಹಾಗೆ ಕಲಿತೆ. ಬೆರಳು ಮೊದಲು ಊರಿ, ಕಲ್ಲನ್ನು ಹಿಡಿದುಕೊಂಡು, ಆಮೇಲೆ ಪಾದ ಇಳಿಸುವುದು. ತಾಳಕ್ಕೆ ಯಂತ್ರದ ಬೆಲ್ಟು ಇತ್ತು. ಬೆಲ್ಟಿನ ಹೊಲಿಗೆಯ ಗಂಟು ಚಕ್ರದ ಮೇಲೆ ಬಂದಾಗಲೆಲ್ಲ ಟಪ್ ಎನ್ನುತ್ತಿತ್ತು. ಆ ಗದ್ದಲದಲ್ಲಿ ಗೆಜ್ಜೆಯ ಸದ್ದು ನನಗೇ ಕೇಳುತ್ತಿರಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಸಂಜೆ ಸ್ನಾನಕ್ಕೆ ಹೋದರೆ ಮೈಗೆ ದಣಿವಿರುತ್ತಿತ್ತು. ಮನಸ್ಸಿನಲ್ಲಿ ಅಂಥದ್ದೇನೂ ಇರುತ್ತಿರಲಿಲ್ಲ. ಆದರೂ ಮಾರನೆಯ ಬೆಳಿಗ್ಗೆ ಮಿಲ್ಲಿನ ಸ್ಟಾರ್ಟರ್ ಒತ್ತಿದ ಸದ್ದಾಗುತ್ತಲೇ ಒಲೆ ಆರಿಸಿ ಏಳುತ್ತಿದ್ದೆ.

ಗುರುವಾರ ಟೀಚರ್ ನನ್ನ ಮಂಡಿ, ಬೆನ್ನು, ಕೈ, ಕಣ್ಣು ಎಲ್ಲ ತಿದ್ದಿದರು. ಮಣೆಯ ಮೇಲೆ ಕೋಲಿನಿಂದ ತಾಳ ಹಾಕುವಾಗ ಅವರ ಕಣ್ಣು ನನ್ನ ಮುಖ ಬಿಟ್ಟು ಕದಲುತ್ತಿರಲಿಲ್ಲ. ಗೋಡೆಯಾಚೆ ರೇಷ್ಮೆ ಸೀರೆಯ ಮಗ್ಗ ಬಡಿಯುತ್ತಿತ್ತು. ಕೊನೆಯ ಗುರುವಾರ ನನ್ನ ನೆತ್ತಿ ಮುಟ್ಟಿ, ಇನ್ನು ಭಯವಿಲ್ಲ ಎಂದರು.

ಆಯ್ಕೆಯ ದಿನ ಒಬ್ಬಳೇ ದುರ್ಗಕ್ಕೆ ಹೋದೆ. ಹಲಗೆಯ ರಂಗ. ತಂಡ ನಡೆಸುವ ಶಶಿಕಾಂತ್ ಎಂಬವರು ಮೊದಲ ಸಾಲಿನಲ್ಲಿ ಕೂತಿದ್ದರು, ನನಗಿಂತ ಚಿಕ್ಕವರು. ಮಗನನ್ನು ಯುದ್ಧಕ್ಕೆ ಕಳಿಸುವ ತಾಯಿಯ ಅಭಿನಯ ಮಾಡಲು ಹೇಳಿದರು. ಮಾಡಿದೆ. ಪಕ್ಕದಲ್ಲಿದ್ದವರೊಡನೆ ಅವರು ಆಡುತ್ತಿದ್ದ ಮಾತು ನಿಂತಿತು. ಮುಗಿದಾಗ, ಎಷ್ಟು ದಿನದಿಂದ ಇಂಥ ಮುಖ ಹುಡುಕುತ್ತಿದ್ದೆವು ಎಂದರು. ನನ್ನ ಎದೆಯಲ್ಲಿ ಏನೋ ಸ್ವಲ್ಪ ಕದಲಿತು.

ಆಮೇಲೆ ಅಡವಿನ ಹೆಜ್ಜೆಗಳನ್ನು ಮಾಡಿಸಿದರು. ನೋಡುತ್ತ ನೋಡುತ್ತ ಅವರ ಕುತ್ತಿಗೆ ಓರೆಯಾಯಿತು.

"ಮೇಡಂ, ಗೆಜ್ಜೆ ಬಿಚ್ಚಿ ಒಂದ್ಸಲ ಮಾಡ್ತೀರಾ?"

ಬಿಚ್ಚಿಟ್ಟು ಮಾಡಿದೆ. ಸದ್ದೇ ಇಲ್ಲ. ಹಲಗೆಯ ಮೇಲೆ ಬೆಕ್ಕು ನಡೆದ ಹಾಗೆ. ಮೂಲೆಯ ಫ್ಯಾನಿನ ಕಿರುಗುಟ್ಟುವಿಕೆ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು, ನನ್ನ ಕಾಲಿನ ಸದ್ದು ಕೇಳುತ್ತಿರಲಿಲ್ಲ.

"ಜೋರಾಗಿ ತಟ್ಟಿ."

ಜೋರಾಗಿ ಎತ್ತಿದೆ. ನೆಲ ಸಿಗುವ ಮುಂಚೆಯೇ ಕಾಲು ತಾನಾಗಿ ಸಡಿಲಾಯಿತು. ಬೆರಳು ಮೊದಲು ಇಳಿಯಿತು, ಹಿಡಿಯಿತು, ಆಮೇಲೆ ಪಾದ. ಮತ್ತೊಮ್ಮೆ ಎತ್ತಿದೆ. ಮತ್ತೆ ಹಾಗೇ.

"ತಟ್ತಾ ಇಲ್ಲ ಮೇಡಂ ನೀವು, ಇಡ್ತಾ ಇದ್ದೀರಿ," ಎಂದರು ಶಶಿಕಾಂತ್. ಧ್ವನಿಯಲ್ಲಿ ಕುಹಕವಿರಲಿಲ್ಲ. "ಮಗು ಮಲಗಿರೋ ಕೋಣೆಗೆ ಹೋಗೋರ ಥರ."

ಬಯಲಿನಲ್ಲಿ ಆಡುವ ತಂಡ ತಮ್ಮದು, ಹಿಂದೆ ಕೂತವರಿಗೆ ಕಲಾವಿದರ ಕಣ್ಣು ಕಾಣುವುದಿಲ್ಲ, ಹೆಜ್ಜೆ ಕೇಳುತ್ತದೆ ಎಂದು ವಿವರಿಸಿದರು. ಈ ಸಲ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ, ಕಾಲಿಗೆ ಸದ್ದು ಬಂದ ದಿನ ಖಂಡಿತ ಬನ್ನಿ ಎಂದರು. ನಮಸ್ಕಾರ ಮಾಡಿ ಇಳಿದೆ. ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ತಿಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಳು ಬರಬಹುದೆಂದು ಸೆರಗು ಕೈಯಲ್ಲಿ ಹಿಡಿದುಕೊಂಡಿದ್ದೆ. ಚಳ್ಳಕೆರೆ ಬಂತು, ಅಳು ಬರಲಿಲ್ಲ.

ಅತ್ತೆ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಏನಂದ್ರು?"

"ಕಾಲು ಸದ್ದು ಮಾಡಲ್ಲ ಅಂದ್ರು ಅತ್ತೆಮ್ಮ."

ಅವರು ಬೀಜ ಬಿಡಿಸುವುದನ್ನು ನಿಲ್ಲಿಸಿದರು. "ಹೆಣ್ಮಕ್ಕಳು ನಡೆದ್ರೆ ನೆಲಕ್ಕೂ ಗೊತ್ತಾಗಬಾರ್ದು ಅಂತ ನಮ್ಮವ್ವ ಹೇಳಿಕೊಟ್ಟಿದ್ಲು. ಅದಕ್ಕೂ ಬ್ಯಾಡ ಅಂತಾರಾ?"

ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು. ಪಕ್ಕದಲ್ಲಿ ಕೂತು ನಾನೂ ಬೀಜ ಬಿಡಿಸಿದೆ.

ಆ ವಾರವೇ ಮಾಲು ಮುಗಿದು ಮಿಲ್ಲು ನಿಂತಿತು. ಬಳ್ಳಾರಿ ಕಡೆಯಿಂದ ಶೇಂಗಾ ಬರಬಹುದು, ಬಂದ ಮೇಲೆ ಮಾಡುವೆಯಂತೆ ಎಂದು ನಮ್ಮನೆಯವರು ಸಮಾಧಾನ ಹೇಳಿದರು. ಸರಿ ಎಂದೆ. ಅಡುಗೆ ಮಾಡಿದೆ, ಬಟ್ಟೆ ಮಡಚಿದೆ, ಮಗಳಿಗೆ ಚಟ್ನಿಪುಡಿ ಕಟ್ಟಿ ಕಳಿಸಿದೆ. ನಡೆಯುವಾಗ ನನ್ನ ಕಾಲಿನ ಕಡೆಗೇ ಕಿವಿ ಹೋಗುತ್ತಿತ್ತು. ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ಹಿತ್ತಲಿಗೆ. ಎಲ್ಲಿಯೂ ಸದ್ದಿರಲಿಲ್ಲ.

ಒಂದು ಬೆಳಿಗ್ಗೆ ನಾಷ್ಟಾ ಮುಗಿದ ಮೇಲೆ ಪಡಸಾಲೆಗೆ ಬಂದೆ. ಅಲ್ಲಿನ ನೆಲಕ್ಕೆ ಯಾವತ್ತೂ ಎಣ್ಣೆ ತಾಗಿಲ್ಲ. ಒಣಗಿದ ಬಿಳಿ ಕಲ್ಲು. ಗೋಡೆಯಾಚೆ ಆಫೀಸಿನಲ್ಲಿ ಕೊಟ್ಟೂರಪ್ಪನವರ ಮಾತು ಕೇಳುತ್ತಿತ್ತು. ಸೆರಗು ಸೊಂಟಕ್ಕೆ ಬಿಗಿದು ಮಂಡಿ ಬಗ್ಗಿಸಿ ನಿಂತೆ. ಬಲಗಾಲು ಎತ್ತಿದೆ. ಅದು ಎಂದಿನಂತೆ ಮೆತ್ತಗಾಯಿತು. ಮತ್ತೆ ಎತ್ತಿದೆ, ಬಿಡಲಿಲ್ಲ. ಬೆರಳುಗಳನ್ನು ಮೇಲಕ್ಕೆ ಸೆಳೆದು ಹಿಡಿದು, ಬೀಳುವುದಾದರೆ ಬೀಳಲಿ ಎಂದು ಪಾದವನ್ನು ಹಾಗೇ ನೆಲಕ್ಕೆ ಬಿಟ್ಟೆ.

ಪಟ್ ಎಂದಿತು.

ಆಫೀಸಿನಲ್ಲಿ ಮಾತು ನಿಂತಿತು. ಎಡಗಾಲು. ಪಟ್. ಬಲಗಾಲು. ಕುರ್ಚಿ ಸರಿದ ಸದ್ದು. ನಮ್ಮನೆಯವರ ಚಪ್ಪಲಿ ಬಿರಬಿರನೆ ಹಿಂದಕ್ಕೆ ಹೋಯಿತು. ಅವರು ನನ್ನ ಹತ್ತಿರ ಬರುತ್ತಾರೆಂದುಕೊಂಡೆ. ಬರಲಿಲ್ಲ. ಮಿಲ್ಲಿನೊಳಗೆ ಸ್ಟಾರ್ಟರ್ ಒತ್ತಿದ್ದು ಕೇಳಿಸಿತು, ಮೋಟರು ಎದ್ದಿತು.

ಒಳಗೆ ಕಾಳಿಲ್ಲದೆ ಓಡುವ ಯಂತ್ರದ ಸದ್ದೇ ಬೇರೆ. ಬೆಲ್ಟಿನ ಗಂಟು ಎಂದಿಗಿಂತ ಬೇಗ ಬೇಗ ಬಡಿಯುತ್ತಿತ್ತು. ನನ್ನ ಕಾಲು ಅಭ್ಯಾಸದಿಂದ ಅದರ ಹಿಂದೆ ಓಡಲು ಹೋಯಿತು. ತಡೆದೆ. ಬಾಯಲ್ಲಿ ನಾನೇ ತಾಳ ಹೇಳಿಕೊಂಡು ತಟ್ಟಿದೆ.

ಹಣೆಗೆ ವಿಭೂತಿ ಹಚ್ಚಿಕೊಂಡು ಅತ್ತೆ ಪೂಜೆ ಮುಗಿಸಿ ಬಂದರು. ನನ್ನನ್ನು ನೋಡಲಿಲ್ಲ, ಮಿಲ್ಲಿನ ಕಡೆ ಕಿವಿಯಿಟ್ಟರು.

"ಖಾಲಿ ಓಡಿಸ್ತಾನಲ್ಲ ಇವನು? ಇಡೀ ಯಂತ್ರ ಸವೆದುಹೋಗ್ತೈತೆ. ನಿಮ್ಮ ಮಾವ ಇದ್ದಿದ್ರೆ ಚರ್ಮ ಸುಲೀತಿದ್ರು."

ನಾನು ಕುಣಿಯುತ್ತಿದ್ದವಳು ನಿಲ್ಲಲಿಲ್ಲ. ಅವರು ನನ್ನ ಪಕ್ಕದಲ್ಲೇ ದಾಟಿ ಹಿಂದಿನ ಬಾಗಿಲಿಗೆ ಹೋದರು.

"ಲೇ ಮಾಂತೇಶಾ, ನಿಲ್ಸೋ ಅದನ್ನ! ಮಾಲಿಲ್ದೆ ಯಾತಕ್ಕೆ ಓಡಿಸ್ತೀಯ?"

ನಮ್ಮನೆಯವರು ಏನು ಉತ್ತರ ಕೊಟ್ಟರೋ ಕೇಳಿಸಲಿಲ್ಲ. ಮೋಟರಿನ ಸದ್ದು ಇಳಿಯತೊಡಗಿತು. ಬೆಲ್ಟು ನಿಧಾನವಾಯಿತು, ಒಂದೆರಡು ಸಲ ಟಪ್ ಎಂದು ನಿಂತಿತು. ನನ್ನ ಬಲಗಾಲು ಆಗ ಮೇಲಿತ್ತು. ಮನೆ, ಆಫೀಸು, ಮಿಲ್ಲು, ಎಲ್ಲ ಕಡೆ ನಿಶ್ಶಬ್ದ.

ಕಾಲು ತಟ್ಟಿದೆ. ಗೋಡೆಯ ಮೇಲಿನ ಕ್ಯಾಲೆಂಡರ್ ಅಲುಗಿತು. ಹಿಮ್ಮಡಿಯಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ನೋವು ಹತ್ತಿತು. ಅದು ಹತ್ತಿ ಬರುವುದು ಪೂರ್ತಿ ತಿಳಿಯಿತು. ಎಡಗಾಲು ಎತ್ತಿದೆ.