ಅರ್ಧಕ್ಕೆ ಮುಗಿಸಿದ ಸಾಲ

"ನನ್ನ ಮುಂದ ದನಿ ಏರಸಬ್ಯಾಡ ಉಮಾ. ನಿನ್ನ ಹೆಸರಿಲೆ ಸಾಲ ಐತಿ ಅಂದ್ರ ನೀನ ತಗೊಂಡಿರಬೇಕು. ಬ್ಯಾಂಕಿನವರಿಗೇನು ಕನಸು ಬಿದ್ದಿತ್ತೇನು?"

ನಿಜಗುಣಪ್ಪನ ಮಾತು ಹಿಟ್ಟಿನ ಗಿರಣಿಯ ಸದ್ದನ್ನೂ ದಾಟಿ ನೇಸರಗಿಯ ಆ ಓಣಿಗೆಲ್ಲ ಕೇಳಿಸಿತು. ಸುಳ್ಳು ಹೇಳುವಾಗ ಅವನ ದನಿ ದೊಡ್ಡದಾಗುತ್ತದೆಂಬುದು ಹೆಂಡತಿ ಗಂಗಾಳಿಗೆ ಗೊತ್ತಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವಳ ಕೈ ಒಮ್ಮೆ ನಿಂತು ಮತ್ತೆ ಶುರುವಾಯಿತು.

ತಂಗಿ ಉಮಾಶ್ರೀ ಅಂಜುವವಳಲ್ಲ. ಬೈಲಹೊಂಗಲದ ಒಂದು ದವಾಖಾನೆಯಲ್ಲಿ ನರ್ಸು. ಮದುವೆಯ ಗೋಜಿಗೆ ಹೋಗಿರಲಿಲ್ಲ. ಒಂಟಿ ಹೆಣ್ಣೆಂದು ಬಾಡಿಗೆ ಮನೆಯವರು ಆಡುವ ಮಾತು ಕೇಳಿ ಕೇಳಿ ಸಾಕಾಗಿ, ಅದೇ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಎರಡು ಖೋಲಿಯ ಮನೆಯೊಂದನ್ನು ಗೊತ್ತುಮಾಡಿದ್ದಳು. ಮುಂಗಡವಾಗಿ ಸಂಚಕಾರವನ್ನೂ ಕೊಟ್ಟಿದ್ದಳು. ಪಂಚಮಿಯೊಳಗೆ ಬ್ಯಾಂಕಿನ ಸಾಲ ಮಂಜೂರಾಗದಿದ್ದರೆ ಮನೆ ಬೇರೆಯವರ ಪಾಲಾಗುವುದಿತ್ತು.

ಅರ್ಜಿ ಹಾಕುವ ಮೊದಲು ಅವಳು ಮೊಬೈಲಿನಲ್ಲಿ ತನ್ನ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿದ್ದಳು. ಒಂದು ಕಲೆಯೂ ಇರಲಿಲ್ಲ. ಆ ಧೈರ್ಯದ ಮೇಲೆ ಬ್ಯಾಂಕಿಗೆ ಹೋದರೆ, ಸಾಹೇಬರು ಬೇರೊಂದು ಕಂಪನಿಯ ರಿಪೋರ್ಟ್ ತೆಗೆಸಿ ಮುಂದಿಟ್ಟರು. ಅದರಲ್ಲಿ ಅವಳ ಹೆಸರಿನಲ್ಲಿ ಮಹಿಳಾ ಸಂಘದ ಸಾಲವೊಂದಿತ್ತು, ವಿಳಾಸ ನೇಸರಗಿಯ ಈ ಮನೆಯದೇ. ಜನರ ಸಾಲದ ಲೆಕ್ಕ ಇಡುವ ಇಂಥ ಕಂಪನಿಗಳು ಹಲವು ಇವೆ, ಸಾಲ ಕೊಟ್ಟವರು ಎಲ್ಲರಿಗೂ ಲೆಕ್ಕ ಒಪ್ಪಿಸುವುದಿಲ್ಲ, ಅದಕ್ಕೇ ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣುವುದಿಲ್ಲ ಎಂದು ಅವರು ತಿಳಿಸಿ ಹೇಳಿದ್ದರು. ಸಾಲದ ಮುಂದೆ 'ಸೆಟಲ್ಡ್' ಎಂದಿತ್ತು. ತೀರಿತು ಎಂದೇ ಅವಳು ತಿಳಿದಿದ್ದಳು. ಹಾಗಲ್ಲವಂತೆ. ಪೂರ್ತಿ ಕಟ್ಟದೆ ಕೈಯೆತ್ತಿದವರಿಗೆ ಹಾಗೆ ಬರೆಯುತ್ತಾರಂತೆ, ಅಂಥವರಿಗೆ ಬ್ಯಾಂಕು ಸಾಲ ಕೊಡುವುದಿಲ್ಲವಂತೆ.

ಊರಲ್ಲಿ ಇದನ್ನು ಮಾಡಿದವರು ಯಾರೆಂದು ಅಣ್ಣ ಪತ್ತೆಹಚ್ಚಿ ಕೊಡುತ್ತಾನೆಂದು ನಂಬಿ ಅವಳು ಬಂದಿದ್ದಳು.

ಪತ್ತೆಹಚ್ಚುವುದು ಏನಿತ್ತು? ಆ ಸಂಘದ ಸಾಲ ಹೆಣ್ಣುಮಕ್ಕಳಿಗೆ ಮಾತ್ರ. ಓಣಿಯ ಗಂಡಸರೆಲ್ಲ ಮನೆಯ ಹೆಂಗಸರ ಹೆಸರಿನಲ್ಲೇ ಎತ್ತುತ್ತಿದ್ದರು, ಎಮ್ಮೆಗೆ, ಬೋರಿಗೆ, ಅಂಗಡಿಗೆ. ನಿಜಗುಣಪ್ಪನ ಗಿರಣಿಯ ಮೋಟಾರು ಸುಟ್ಟ ವರ್ಷ ಗಂಗಾಳ ಹೆಸರಿನಲ್ಲಿ ಆಗಲೇ ಒಂದು ಸಾಲವಿತ್ತು. ಆ ವರ್ಷ ಪಂಚಮಿಗೆ ತಂಗಿ ಬಂದಿದ್ದಳು. ರೇಶನ್ ಕಾರ್ಡಿಗೆ ಬೇಕೆಂದು ಹೇಳಿ ಅವಳ ಆಧಾರ್ ಕಾರ್ಡು ಇಸಿದುಕೊಂಡು, ಮಶೀನಿನ ಮೇಲೆ ಹೆಬ್ಬಟ್ಟು ಒತ್ತಿಸಿದ್ದ. ಎಡಗೈಯಲ್ಲಿ ಶೇಂಗಾದ ಉಂಡಿ ಹಿಡಿದುಕೊಂಡೇ ಅವಳು ಒತ್ತಿದ್ದಳು, ಯಾಕೆಂದು ಕೇಳಿರಲಿಲ್ಲ.

ಕಂತು ಕಟ್ಟುತ್ತಲೇ ಇದ್ದ. ಕೊರೋನಾ ಬಂದು ಗಿರಣಿ ನಿಂತಿತು, ಕಂತೂ ನಿಂತಿತು. ಮುಂದೆ ಸಂಘಕ್ಕೆ ಸಾಲ ಕೊಟ್ಟ ಕಂಪನಿಯವನು ಬಂದು, ಅಷ್ಟಿಷ್ಟು ಕೊಡ್ರಿ, ಮುಗಿಸಿಬಿಡೋಣ ಅಂದ. ಸಂತೆಯಲ್ಲಿ ಎತ್ತಿಗೆ ಜಗ್ಗಾಡಿದಂತೆ ಜಗ್ಗಾಡಿ ನಿಜಗುಣಪ್ಪ ಅರ್ಧಕ್ಕೆ ಇಳಿಸಿದ. ಆ ಸಂಜೆ ಜಿಲೇಬಿ ತಂದಿದ್ದ.

ಈಗ ಉಮಾಶ್ರೀ ಅಂದಳು, "ಯಾವನೋ ಹಲ್ಕಟ್ ನನ್ನ ಹೆಸರಿಲೆ ರೊಕ್ಕ ಎತ್ತಿ ಮುಳುಗಿಸ್ಯಾನ ಅಣ್ಣಾ. ನೀ ನೋಡಿದ್ರ ನನ್ನ ಮ್ಯಾಲ ಹಾಯಾಕ ಹತ್ತಿ."

ಹಲ್ಕಟ್ ಅಂದದ್ದನ್ನು ಅವನು ನುಂಗಿಕೊಂಡಾನು. ಮುಳುಗಿಸಿದ ಅಂದದ್ದು ನೆತ್ತಿಗೇರಿತು.

"ಯಾರು ಮುಳುಗಿಸ್ಯಾರು? ಎದುರಿಗೆ ಕುಂತು ಮಾತಾಡಿ ಅರ್ಧಕ್ಕ ಮುಗಿಸೇನಿ. ಈ ಓಣ್ಯಾಗ ಯಾರಿಗೂ ಅಷ್ಟು ಬಿಟ್ಟಿಲ್ಲ ಅವರು."

ಹೇಳಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು. ಒಳಗೆ ರೊಟ್ಟಿಯ ಸದ್ದು ನಿಂತಿತ್ತು. ಗಿರಣಿಯೊಂದೇ ತನ್ನ ಪಾಡಿಗೆ ಓಡುತ್ತಿತ್ತು, ಆ ಸಾಲದ ಮೋಟಾರಿನ ಮೇಲೇ.

"ಹಂಗಾದ್ರ ಹೆಬ್ಬಟ್ಟು ರೇಶನ್ ಕಾರ್ಡಿಗಲ್ಲ," ಎಂದಳು ಉಮಾಶ್ರೀ. ಜ್ವರ ನೋಡಿ ಹೇಳುವಾಗಿನ ದನಿ ಅದು, ಏರಿಳಿತವಿಲ್ಲದ್ದು.

ತಪ್ಪಾಯಿತು ಅನ್ನಬೇಕೆಂದು ಅವನು ಬಾಯಿ ತೆರೆದ. ಬಂದದ್ದು ಬೇರೆ. ತಾನೇನು ಶೋಕಿಗೆ ತಗೊಂಡಿದ್ದನೇ, ಓಣಿಯವರೆಲ್ಲ ಮಾಡಿದ್ದನ್ನೇ ಮಾಡಿದ್ದಲ್ಲವೇ, ಅವಳು ನರ್ಸಿಂಗ್ ಕಲಿಯುವಾಗ ಇದೇ ಗಿರಣಿ ಓಡಿದ್ದಲ್ಲವೇ ಎಂದೆಲ್ಲ ಕೂಗಾಡಿದ. ಉಳಿದದ್ದನ್ನು ಇವತ್ತೇ ಕಟ್ಟಿ ಒಗೆಯುತ್ತೇನೆಂದ. ಅವಳು ಪೂರ್ತಿ ಕೇಳಿಸಿಕೊಂಡಳು. ಕಟ್ಟಿದರಷ್ಟೇ ಸಾಲದು ಎಂದಳು. ಸಾಲ ತಾನು ಎತ್ತಿದ್ದಲ್ಲವೆಂದು ಹೇಳಿದಾಗ ಸಾಹೇಬರು ಒಂದು ದಾರಿ ತೋರಿಸಿದ್ದರು. ಎತ್ತಿದವನೇ ಬಂದು ಬಾಕಿ ತೀರಿಸಿ, ಆಕೆಗೆ ತಿಳಿಯದಂತೆ ಎತ್ತಿದ್ದು ತಾನೇ ಎಂದು ಬರೆದುಕೊಟ್ಟರೆ, ಕಾಗದವನ್ನು ಮೇಲಿನವರಿಗೆ ಕಳಿಸಿ ನೋಡಬಹುದು ಎಂದಿದ್ದರು.

"ನಾಳೆ ಬಾ ಅಣ್ಣಾ. ಬರಕೊಡು. ಮತ್ತೇನೂ ಕೇಳೂದಿಲ್ಲ."

ಬೈಲಹೊಂಗಲದ ಅದೇ ಬ್ಯಾಂಕಿಗೆ ಅರ್ಧ ನೇಸರಗಿ ಪಾಸ್‌ಬುಕ್ ಹಿಡಿದು ಹೋಗುತ್ತದೆ. ಮಠದ ಕಮಿಟಿಯಲ್ಲಿ ತನ್ನ ಪಕ್ಕ ಕೂರುವವರೆಲ್ಲ ಆ ಸಾಲಿನಲ್ಲಿ ನಿಂತು, ನಿಜಗುಣಪ್ಪ ತಂಗಿಗೆ ಟೊಪ್ಪಿಗಿ ಹಾಕಿದ್ದನ್ನು ತಾನೇ ಬರೆಯುವುದನ್ನು ನೋಡುತ್ತಿರುವ ಚಿತ್ರ ಅವನ ಕಣ್ಣಿಗೆ ಕಟ್ಟಿತು.

"ರೊಕ್ಕ ಕೇಳು, ಕೊಡತೇನಿ," ಎಂದ. "ಸಹಿ ಕೇಳಬ್ಯಾಡ."

ಉಮಾಶ್ರೀ ಎದ್ದಳು. ಗಂಗಾ ಬಿಸಿ ರೊಟ್ಟಿ ಅರಿವೆಯಲ್ಲಿ ಕಟ್ಟಿಕೊಂಡು ಓಡಿಬಂದಳು. ಉಮಾಶ್ರೀ ಗಂಟನ್ನು ಮುಟ್ಟಲಿಲ್ಲ. "ನಿಮಗೂ ಗೊತ್ತಿತ್ತು ಅಲ್ರಿ ವೈನಿ," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದಳು.

ಅವನು ಏಳಲಿಲ್ಲ. ತಂಗಿ ಸಣ್ಣವಳಿದ್ದಾಗ ಸಿಟ್ಟು ಮಾಡಿಕೊಂಡು ಊರಬಾಗಿಲ ಅಗಸಿಯ ತನಕ ಹೋಗಿ ತಾನಾಗಿ ತಿರುಗಿ ಬರುತ್ತಿದ್ದಳು. ಅದನ್ನೇ ನೆಚ್ಚಿ ಯಾರದೋ ಜೋಳ ಗಿರಣಿಗೆ ಸುರಿದ. ಬೈಲಹೊಂಗಲದ ಬಸ್ಸಿನ ಹಾರ್ನು ಕೇಳಿಸಿತು. ಬೀಸುವ ಕಲ್ಲು ಬಿಗಿಯಾದದ್ದು ನೋಡಿಕೊಳ್ಳಲಿಲ್ಲ, ಹಿಟ್ಟು ಕಮರು ವಾಸನೆ ಹೊಡೆಯಿತು.

ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೈಲಹೊಂಗಲಕ್ಕೆ ಹೋದ. ಬ್ಯಾಂಕಿನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿದ. ಊರಿನವರಿಬ್ಬರು ಬ್ಯಾಂಕಿನ ಮೆಟ್ಟಿಲು ಹತ್ತಿದ್ದು ಕಂಡಿತು. ಇನ್ನೊಂದು ಚಹಾ ಕುಡಿದು ತಿರುಗಿ ಬಂದ.

ಪಂಚಮಿಗೆ ಗಂಗಾ ಉಂಡಿ ಕಟ್ಟಿದಳು. ತಂಗಿಯನ್ನು ಹಬ್ಬಕ್ಕೆ ಕರೆಯಲು ಅವನೇ ಹೋದ. ಉಮಾಶ್ರೀಯ ಬಾಡಿಗೆ ಖೋಲಿಯಲ್ಲಿ ಬೇರೆ ಯಾರದೋ ಸಂಸಾರವಿತ್ತು. ರಾಮದುರ್ಗದ ಕಡೆ ಕೆಲಸ ಹಿಡಿದು ಹೋದರು ಎಂದರು. ಅವನ ಫೋನು ಅವಳಿಗೆ ಹತ್ತಲಿಲ್ಲ. ಉಂಡಿಯ ಡಬ್ಬಿ ಹಿಡಿದು ಹೊಸ ಬಡಾವಣೆಯ ತನಕ ನಡೆದ. ಆ ಎರಡು ಖೋಲಿಯ ಮನೆಯ ಬಾಗಿಲಿಗೆ ಯಾರೋ ಹೊಸ ತೋರಣ ಕಟ್ಟಿದ್ದರು.